ನಾಲ್ಕನೆಯವರು

ನನ್ನ ಅಂಗಡಿಯಲ್ಲಿ ನಾನು ಅತಿ ಹೆಚ್ಚು ಸಲ ಕತ್ತರಿಸಿ ಎಸೆದ ಮನುಷ್ಯ ಅವರು. ಎಸೆಯಲು ಹೇಳುತ್ತಿದ್ದವರೂ ಅವರೇ. ಕೌಂಟರಿನ ಆಚೆ ನಿಂತು, ಕನ್ನಡಕ ಹಣೆಗೇರಿಸಿ, ಫೋಟೊದಲ್ಲಿ ತಮ್ಮದೇ ಭುಜದ ಪಕ್ಕ ಬೆರಳಿಟ್ಟು, "ಇಲ್ಲಿಂದ ಹೊಡೀರಿ. ಆ ಹೆಂಗಸಿನ ಸೆರಗು ಹೋಗಬಾರದು, ನೋಡ್ಕೊಳ್ಳಿ" ಎನ್ನುತ್ತಿದ್ದರು. ನಾನು ಕಟರ್ ಒತ್ತುತ್ತಿದ್ದೆ. ಅವರು ಉದ್ದಕ್ಕೆ ಸೀಳಿಕೊಂಡು ಕಸದ ಬುಟ್ಟಿಗೆ ಬೀಳುತ್ತಿದ್ದರು. ಇಬ್ಬರೂ ಚಹಾ ಕುಡಿಯುತ್ತಿದ್ದೆವು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪುಟ್ಟ ಅಂಗಡಿ. ಮೊದಲು ಎಸ್‌ಟಿಡಿ ಬೂತ್ ಆಗಿತ್ತು. ಜೊತೆಗೆ ಜೆರಾಕ್ಸ್ ಬಂತು, ಲ್ಯಾಮಿನೇಶನ್ ಬಂತು. ಮೊಬೈಲ್ ಬಂದು ಬೂತಿನ ಕತೆ ಮುಗಿದ ಮೇಲೆ ಪಾಸ್‌ಪೋರ್ಟ್ ಫೋಟೊ, ಫ್ರೇಮು ಎಲ್ಲ ಸೇರಿಕೊಂಡವು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಎಕ್ಸ್‌ಚೇಂಜುಗಳ ನಡುವೆಯೇ ಅವರ ನೌಕರಿ ಸುತ್ತಿ ಸುತ್ತಿ ಮುಗಿಯಿತು. ಬೂತಿನ ಲೈನು ಕೆಟ್ಟಾಗ ರಿಪೇರಿಗೆ ಬಂದು ಆದದ್ದು ನಮ್ಮ ಪರಿಚಯ. ಕಂಬ ಹತ್ತುವ ಮೊದಲು ಅವರು ಜೋಳಿಗೆಯಿಂದ ಕ್ಯಾಮೆರಾ ತೆಗೆದು ನನ್ನ ಅಂಗಡಿಯ ಬಾಗಿಲಲ್ಲಿ ಒಣಗಲು ಬಿಚ್ಚಿಟ್ಟಿದ್ದ ಕೊಡೆಗಳ ಫೋಟೊ ಹೊಡೆದುಕೊಂಡರು. ನನ್ನ ಲೈನು ಸತ್ತು ವ್ಯಾಪಾರ ನಿಂತಿದೆ, ಈ ಮನುಷ್ಯನಿಗೆ ಕೊಡೆ ಬೇಕಾಗಿದೆ. ಸಿಟ್ಟು ಬಂದಿತ್ತು. ಒಂದು ವಾರ ಬಿಟ್ಟು ಆ ಫೋಟೊ ತಂದು ಕೊಟ್ಟರು. ಕಪ್ಪು ಕೊಡೆಗಳ ನಡುವೆ ಯಾರದೋ ಮಗುವಿನ ಹೂವಿನ ಕೊಡೆ ಒಂದು, ನೆಲದಲ್ಲಿ ನೀರು ಹರಿದ ಗೆರೆಗಳು. ದಿನಾ ದಾಟಿ ಹೋಗುವ ಹೊಸ್ತಿಲು ಅದು. ಅಷ್ಟು ಚಂದವಿದೆ ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಅಲ್ಲಿಗೆ ಇಳಿಯಿತು.

ಭಾನುವಾರ ಬಂತೆಂದರೆ ಅವರು "ಪ್ರವಾಸ" ಹೊರಡುತ್ತಿದ್ದರು. ದೇಶ ಸುತ್ತಿದವರ ಗತ್ತಿನಲ್ಲಿ ಆ ಪದ ಹೇಳುತ್ತಿದ್ದರು. ಹೋಗುತ್ತಿದ್ದುದು ಹರಿಹರಪುರಕ್ಕೆ, ಬಾಳೆಹೊನ್ನೂರಿಗೆ, ಬಹಳ ದೂರವೆಂದರೆ ಮುತ್ತಿನಕೊಪ್ಪಕ್ಕೆ. ಲೋಕಲ್ ಬಸ್ಸಿನ ಮುಂದಿನ ಸೀಟು ಹಿಡಿದು, ಮನಸ್ಸು ಬಂದಲ್ಲಿ ಇಳಿದು, ಮುಂದಿನ ಬಸ್ಸು ಬರುವವರೆಗೆ ಅಲ್ಲಿ ಏನಿದೆಯೋ ಅದನ್ನು ನೋಡುವುದು. ರೇಶನ್ ಅಂಗಡಿಯ ಮುಂದೆ ಜನರ ಬದಲಿಗೆ ಸಾಲು ನಿಂತ ಚೀಲಗಳು, ಹೋಟೆಲಿನ ಗಾಜಿನ ಹಿಂದೆ ಬೆವರುವ ಇಡ್ಲಿ, ಬೇಲಿಗೆ ಕವುಚಿ ಹಾಕಿದ ಕುಕ್ಕರಿನ ಮುಚ್ಚಳ, ಬಸ್ಸಿನ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ ತೋಟದ ಕೆಲಸದ ಹೆಂಗಸಿನ ಬಳೆ. ಬೇಸಿಗೆಯಲ್ಲಿ ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರು ಇಳಿದಾಗ ಮುಳುಗಿದ್ದ ಹಳೆಯ ರಸ್ತೆ ಹೊರಗೆ ಬರುತ್ತದೆ. ಅದು ಸ್ವಲ್ಪ ದೂರ ನೆಟ್ಟಗೆ ಹೋಗಿ ನೀರಿನೊಳಗೆ ಇಳಿದುಬಿಡುತ್ತದೆ. ಅದನ್ನು ನೋಡಲು ಪ್ರತಿ ಬೇಸಿಗೆ ಹೋಗುತ್ತಿದ್ದರು. "ಎಂತ ಉಂಟು ಮಾರಾಯ್ರೆ ಅದರಲ್ಲಿ, ಪ್ರತಿ ವರ್ಷ ಅದೇ ರಸ್ತೆ" ಎಂದು ರೇಗಿಸಿದರೆ, ಯಾರೂ ನಡೆಯದಿದ್ದರೂ ಎಷ್ಟು ಗಟ್ಟಿ ಇದೆ ನೋಡಿ ಎನ್ನುತ್ತಿದ್ದರು. ಒಂಟಿತನ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ.

ಅವರಿಗೆ ಈ "ನಾಲ್ಕನೆಯವರು" ಎಂಬ ಹೆಸರು ಬಂದ ಬಗೆ ಹೇಳಬೇಕು. ನಮ್ಮ ಕಡೆ ಮೂರು ಜನ ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ. ತೆಗೆಸಿಕೊಂಡರೆ ಮೂವರಲ್ಲಿ ಒಬ್ಬರು ಹೋಗುತ್ತಾರೆ ಎಂಬ ನಂಬಿಕೆ. ನಂಬದವರೂ ನಿಲ್ಲುವುದಿಲ್ಲ, ಸುಮ್ಮನೆ ಎಂತಕ್ಕೆ ಎಂದು. ಹಾಗಾಗಿ ಮೂರು ಜನ ಇದ್ದಾಗ ಪಕ್ಕದ ಮನೆಯ ಯಾರನ್ನಾದರೂ ಎಳೆದು ತರುತ್ತಾರೆ. ಯಾರೂ ಸಿಗದಿದ್ದರೆ ನಾಯಿಯನ್ನು ಕೂರಿಸುತ್ತಾರೆ, ಕೈಯಲ್ಲಿ ಒಂದು ಕಲ್ಲು ಹಿಡಿದು ಅದನ್ನೇ ನಾಲ್ಕನೆಯವನೆಂದು ಲೆಕ್ಕ ಹಾಕುತ್ತಾರೆ. ಬಸುರಿ ಇದ್ದರೆ ಚಿಂತೆಯೇ ಇಲ್ಲ. ಕ್ಯಾಮೆರಾ ಕಂಡರೆ ದಾರಿಯಲ್ಲಿ ಜನ ಅವರನ್ನು ನಿಲ್ಲಿಸಿ ನಮ್ಮದೊಂದು ಹೊಡೀರಿ ಎನ್ನುತ್ತಿದ್ದರು. ಮೂರು ಜನ ನಿಂತರೋ, ಇವರು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಟೈಮರ್ ಒತ್ತಿ, ಓಡಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೆಂಪು ದೀಪ ಮಿಣುಕುವಷ್ಟು ಹೊತ್ತು ಅವರ ಚಪ್ಪಲಿ ಪಟಪಟ ಬಡಿಯುತ್ತಿತ್ತು. ಅದಕ್ಕೇ ಅವರ ಎಲ್ಲ ಫೋಟೊಗಳಲ್ಲೂ ಒಂದೇ ಮುಖ: ಹಾರಿದ ಕೂದಲು, ಸ್ವಲ್ಪ ತೆರೆದ ಬಾಯಿ, ಈಗಷ್ಟೇ ಬಂದು ತಲುಪಿದವರ ಉಸಿರು.

ಆಮೇಲೆ ಅದನ್ನು ನನ್ನ ಹತ್ತಿರ ತಂದು ತಮ್ಮನ್ನು ಕತ್ತರಿಸಿ ತೆಗೆಸಿ, ಉಳಿದ ಮೂವರನ್ನು ಆ ಮನೆಯವರಿಗೆ ತಲುಪಿಸುತ್ತಿದ್ದರು. ಇದು ಮೋಸ ಅಲ್ಲವೇ, ಕತ್ತರಿಸಿದ ಮೇಲೆ ಮತ್ತೆ ಮೂರೇ ಆಯಿತಲ್ಲ ಎಂದು ನಾನು ಕೇಳಿದ್ದೆ. ನಿಂತದ್ದು ನಾಲ್ಕು ಜನ, ಕ್ಯಾಮೆರಾ ನೋಡಿದ್ದು ನಾಲ್ಕು ಜನರನ್ನು, ಆಮೇಲೆ ಕತ್ತರಿ ಏನು ಮಾಡಿದರೂ ಅದು ಲೆಕ್ಕಕ್ಕಿಲ್ಲ ಎಂದು ಅವರು ತೀರ್ಪು ಕೊಟ್ಟರು. ಊರೂ ಅದನ್ನು ಒಪ್ಪಿಕೊಂಡಿತ್ತು. ಗುರುತಿಲ್ಲದ ಗಂಡಸೊಬ್ಬ ಏದುಸಿರು ಬಿಡುತ್ತ ನಿಂತ ಫೋಟೊವನ್ನು ತಮ್ಮ ಹಜಾರದಲ್ಲಿ ಯಾರು ತಾನೇ ತೂಗುಹಾಕುತ್ತಾರೆ. ಕಾಲ ಕಳೆದು ಡಿಜಿಟಲ್ ಬಂತು, ಕಟರಿನ ಕೆಲಸ ಮೌಸಿಗೆ ಬಂತು. ಅಷ್ಟೇ ವ್ಯತ್ಯಾಸ. ಜನರ ಫೋಟೊ ಅವರವರಿಗೆ ಸೇರಿದ್ದು ಎಂಬುದು ಅವರ ನೇಮ. ಪ್ರಿಂಟ್ ಕೊಟ್ಟ ಮೇಲೆ, ರೀಲಿನ ಕಾಲದಲ್ಲಿ ನೆಗೆಟಿವ್ ಎಸೆದು, ಡಿಜಿಟಲ್ ಬಂದ ಮೇಲೆ ಕ್ಯಾಮೆರಾದ ಕಾರ್ಡು ಖಾಲಿ ಮಾಡಿ ಮುಂದಿನ ಭಾನುವಾರಕ್ಕೆ ಸಿದ್ಧವಾಗುತ್ತಿದ್ದರು. ನನ್ನ ಕಂಪ್ಯೂಟರಿನಲ್ಲೂ ಉಳಿಸಲು ಬಿಡುತ್ತಿರಲಿಲ್ಲ. ಅವರ ಬಾಡಿಗೆ ಮನೆಯ ಗೋಡೆಯ ಮೇಲೆ ಇದ್ದದ್ದು ಬರೀ ವಸ್ತುಗಳು. ಕೊಡೆ, ಚೀಲ, ಬಳೆ, ರಸ್ತೆ.

ಒಮ್ಮೆ ಬಾಳೆಹೊನ್ನೂರಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲೊಂದು ಚಿಕ್ಕ ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಯಜಮಾನರು, ಹೆಂಡತಿ, ಮಗ ನಿಂತ ಫೋಟೊ, ಇವರು ತೆಗೆದದ್ದು, ನಾನು ಕತ್ತರಿಸಿದ್ದು. ಇವರು ಕಾಫಿ ಆರುವವರೆಗೆ ಅದನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ, "ಬಲಗಡೆ ಕೆಳಗೆ ನೋಡಿ. ನನ್ನ ಕೊಡೆ ತುದಿ ಉಳ್ಕೊಂಡಿದೆ" ಎಂದರು. ನೋಡಿದೆ. ಹೌದು, ಮಗನ ಕಾಲಿನ ಪಕ್ಕ ಒಂದಿಷ್ಟು ಕಪ್ಪು ಚೂಪು. ನಾನು ನಕ್ಕೆ, ಅವರೂ ನಕ್ಕರು. ಬಸ್ಸಿನಲ್ಲಿ ಬರುವಾಗ ನನಗೆ ನಗು ಉಳಿಯಲಿಲ್ಲ. ಈ ಮನುಷ್ಯನಿಗೆ ಯಾರದಾದರೂ ಮನೆಯ ಗೋಡೆಯ ಮೇಲೆ ಉಳಿಯುವ ಆಸೆ ಇದೆ ಎಂದು ಆವತ್ತು ಅರ್ಥವಾಯಿತು. ಕೇಳುವ ಜಾತಿಯವರಲ್ಲ. ಉಳಿದದ್ದು ಕೊಡೆಯ ತುದಿಯಾದರೆ ಅದನ್ನೇ ನೋಡಲು ಬಸ್ಸು ಹತ್ತಿ ಹೋಗುವವರು.

ನೌಕರಿಯ ಕೊನೆಯ ವರ್ಷಗಳಲ್ಲಿ ಅವರು ಕೊಪ್ಪದ ಎಕ್ಸ್‌ಚೇಂಜಿನಲ್ಲೇ ಇದ್ದರು. ಲ್ಯಾಂಡ್‌ಲೈನ್ ಬಿಡಿಸುವವರೇ ಹೆಚ್ಚಾಗಿ ಅಲ್ಲಿ ಜನ ಕಡಿಮೆಯಾಗಿದ್ದರು. ದೊಡ್ಡ ಕೋಣೆ, ಸಾಲು ಸಾಲು ಕಪಾಟಿನಂಥ ಯಂತ್ರಗಳು, ಒಂದು ಫ್ಯಾನಿನ ಸದ್ದು. ಬೆಳಿಗ್ಗೆ ನಾನು ಅಂಗಡಿ ತೆರೆದು ಊದುಬತ್ತಿ ಹಚ್ಚುವ ಹೊತ್ತಿಗೆ ಅಲ್ಲಿಂದ ನನಗೆ ಫೋನು ಬರುತ್ತಿತ್ತು, ಲೈನ್ ಟೆಸ್ಟ್ ಎಂದು. "ಕೇಳ್ತದಾ?" "ಕೇಳ್ತದೆ." ಅಷ್ಟೇ, ಇಡುತ್ತಿದ್ದರು. ನಿವೃತ್ತರಾದ ಮೇಲೆ ಮನೆಗೊಂದು ಲ್ಯಾಂಡ್‌ಲೈನ್ ಹಾಕಿಸಿಕೊಂಡು ಅಲ್ಲಿಂದ ಟೆಸ್ಟ್ ಮಾಡತೊಡಗಿದರು. ಅಂಗಡಿಯ ಆ ಹಳೆಯ ಫೋನಿಗೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಅದನ್ನು ತೆಗೆಸಿಬಿಡಿ ಎಂದು ಹೆಂಡತಿ ಹೇಳುತ್ತಿದ್ದಳು, ನಾನು ಇರಲಿ ಎನ್ನುತ್ತಿದ್ದೆ.

ಎಕ್ಸ್‌ಚೇಂಜಿನ ಆ ಕೋಣೆಯಲ್ಲೇ ಒಂದು ಮಧ್ಯಾಹ್ನ ಅವರು ತಮ್ಮ ಹೆಂಡತಿಯ ವಿಷಯ ಹೇಳಿದರು. ಅವರಿಗೆ ಮದುವೆಯಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ದೇವಸ್ಥಾನದಲ್ಲಿ ಸರಳವಾಗಿ ಆದ ಮದುವೆ, ಫೋಟೊ ಗೀಟೊ ಇರಲಿಲ್ಲವಂತೆ. ಅದಾಗಿ ಕೆಲವು ತಿಂಗಳಿಗೆ ಹೆಂಡತಿ ಮತ್ತು ತಾಯಿಯನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಹೋದರು. ಸ್ಟುಡಿಯೋದವನು ಮೂರು ಜನ ಆಗುತ್ತದೆ, ಹೊರಗಿನಿಂದ ಯಾರನ್ನಾದರೂ ಕರೆಯುತ್ತೇನೆ ಎಂದ. ಇವರಿಗೆ ಹೊಸ ನೌಕರಿ, ವಿಜ್ಞಾನ ಓದಿದ ಜಂಬ. ನಕ್ಕು, ಹಾಗೇ ತೆಗೆಯಿರಿ ಎಂದರು. ವರ್ಷ ತುಂಬುವುದರೊಳಗೆ ಹೆಂಡತಿ ಜ್ವರದಲ್ಲಿ ಹೋದಳು. ತಾಯಿ ಗೋಡೆಯಿಂದ ಆ ಫೋಟೊ ಇಳಿಸಿ, ಚೌಕಟ್ಟು ಒಡೆದು, ಒಲೆಗೆ ಹಾಕಿದರು.

"ಅವಳದ್ದು ಇದ್ದದ್ದು ಅದೊಂದೇ ಫೋಟೊ" ಎಂದರು.

ಹಾಗಾದರೆ ನಿಮಗೂ ಆ ನಂಬಿಕೆ ಬಂತೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಫೋಟೊದಿಂದ ಯಾರೂ ಸಾಯೋದಿಲ್ಲ. ಆದ್ರೆ ಸತ್ತ ಮೇಲೆ ಫೋಟೊದಿಂದ ಅಂತ ಹೇಳೋರು ಮನೇಲೇ ಇರ್ತಾರೆ. ನಾನು ಓಡಿ ಹೋಗಿ ನಿಲ್ಲೋದು ಜನ ಉಳೀಲಿ ಅಂತ ಅಲ್ಲ ಮಾರಾಯ್ರೆ. ಫೋಟೊ ಉಳೀಲಿ ಅಂತ."

ಆಮೇಲೆ ಎದ್ದು ಯಾವುದೋ ಯಂತ್ರದ ದೀಪ ನೋಡಲು ಹೋದರು. ನಾನು ಅಲ್ಲೇ ಕೂತಿದ್ದೆ. ಅವಳ ಮುಖ ಈಗ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗೆ ಆವತ್ತೂ ಆಗಲಿಲ್ಲ, ಮುಂದೆಯೂ ಆಗಲಿಲ್ಲ.

ನಮ್ಮ ಮನೆಯಲ್ಲಿ ನಾವು ಮೂರೇ ಜನ. ನಾನು, ಹೆಂಡತಿ, ಮಗಳು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅವರು ನಮ್ಮನ್ನೂ ಶೃಂಗೇರಿಗೆ ಪ್ರವಾಸ ಹೊರಡಿಸಿದರು. ಒಂದು ದಿನ ಅಂಗಡಿ ಮುಚ್ಚಿದರೆ ಕೊಪ್ಪ ಮುಳುಗಿಹೋಗುವುದಿಲ್ಲ ಎಂದರು. ತುಂಗೆಯ ಮೆಟ್ಟಿಲ ಮೇಲೆ ಮಗಳು ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದಳು. ಜನ ಎಲ್ಲ ಮೀನಿನ ಫೋಟೊ ತೆಗೆಯುತ್ತಿದ್ದರೆ ಇವರು ಖಾಲಿಯಾದ ಮಂಡಕ್ಕಿ ಪೊಟ್ಟಣ ಗಾಳಿಗೆ ಮೆಟ್ಟಿಲು ಇಳಿಯುವುದನ್ನು ತೆಗೆಯುತ್ತಿದ್ದರು. ಆಮೇಲೆ ನಮ್ಮ ಮೂವರನ್ನು ಸಾಲಾಗಿ ನಿಲ್ಲಿಸಿದರು. ನನ್ನ ಹೆಂಡತಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಮೂರು ಜನ ಆಗ್ತೇವಲ್ಲ, ನೀವೂ ಬನ್ನಿ" ಎಂದಳು. ಅದನ್ನು ಅವರಿಗೆ ಹೇಳಬೇಕೇ? ಟೈಮರ್ ಒತ್ತಿ ಓಡಿ ಬಂದರು. ಒದ್ದೆ ಕಲ್ಲಿನ ಮೇಲೆ ಕಾಲು ಸ್ವಲ್ಪ ಜಾರಿತು. ತಡವಾಯಿತೆಂದು ತುದಿಯಲ್ಲಿ ನಿಂತಿದ್ದ ಮಗಳು ಕೈಚಾಚಿ ಅವರ ತೋಳು ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿತು.

ಮರುದಿನ ಅಂಗಡಿಯಲ್ಲಿ ಎಂದಿನಂತೆ ಬೆರಳಿಟ್ಟು ಇಲ್ಲಿಂದ ಹೊಡೀರಿ ಎಂದರು. ನೋಡಿದರೆ ಎಲ್ಲಿಂದ ಹೊಡೆಯುವುದು? ಮಗಳ ಕೈ ಅವರ ತೋಳಿನ ಮೇಲೆ ಇತ್ತು. ಅವರೂ ಬಹಳ ಹೊತ್ತು ನೋಡಿದರು. ಮಣಿಕಟ್ಟಿನ ಹತ್ತಿರ ತೆಗೆಯಬಹುದೇನೋ ಎಂದು ಅನುಮಾನಿಸಿದರು. ಊಟದ ಡಬ್ಬಿ ತಂದ ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡಳು. "ಮಗಳ ಕೈ ಕತ್ತರಿಸಿ ಮನೇಲಿ ತೂಗುಹಾಕ್ತೀರಾ? ಇದ್ದ ಹಾಗೇ ದೊಡ್ಡದು ಮಾಡಿ" ಎಂದಳು. ಅವಳ ಮಾತಿಗೆ ಎದುರಿಲ್ಲ. ದೊಡ್ಡದು ಮಾಡಿ, ಫ್ರೇಮು ಹಾಕಿ, ಹಜಾರದಲ್ಲಿ ಗಡಿಯಾರದ ಪಕ್ಕ ತೂಗುಹಾಕಿದೆವು.

ಮುಂದಿನ ವಾರ ಮನೆಗೆ ಬಂದವರು ಬಾಗಿಲಲ್ಲೇ ನಿಂತರು. ಗೋಡೆಯನ್ನು ನೋಡಿದರು. ಕೂರಿ ಎಂದರೂ ಕೂರಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕಾಫಿ ತರುವವರೆಗೆ ಹಾಗೇ ನಿಂತಿದ್ದು, ಲೋಟ ತೆಗೆದುಕೊಂಡು, "ಫ್ರೇಮು ಚೂರು ವಾರೆ ಆಗಿದೆ" ಎಂದು ತಾವೇ ಸರಿಮಾಡಿದರು. ಅದು ವಾರೆಯಾಗಿರಲಿಲ್ಲ. ಅಲ್ಲಿಂದ ಮುಂದೆ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಸರಿಮಾಡುತ್ತಿದ್ದರು. ಹಬ್ಬದ ದಿನ ಬರುತ್ತಿದ್ದರು, ಹಲಸಿನ ಹಪ್ಪಳ ತಂದುಕೊಡುವ ನೆಪದಲ್ಲಿ ಬರುತ್ತಿದ್ದರು, ಮಗಳು ಹತ್ತನೇ ಕ್ಲಾಸು ಪಾಸಾದಾಗ ಪೆನ್ನು ಹಿಡಿದು ಬಂದಿದ್ದರು. ಚೌಕಟ್ಟನ್ನು ಒಂದು ಕೂದಲಿನಷ್ಟು ಆಚೆ, ಒಂದು ಕೂದಲಿನಷ್ಟು ಈಚೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಊದುಬತ್ತಿ ಹಚ್ಚಿ ಮುಗಿಯಿತು, ಫೋನು ಬರಲಿಲ್ಲ. ಇಬ್ಬರು ಗಿರಾಕಿಗಳಿಗೆ ಜೆರಾಕ್ಸ್ ಮಾಡಿಕೊಟ್ಟೆ. ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿದೆ, ಲೈನು ಸರಿಯಾಗಿತ್ತು. ನಾನೇ ಮಾಡಿದೆ. ರಿಂಗಾಗುತ್ತಲೇ ಇತ್ತು. ಶಟರ್ ಅರ್ಧ ಎಳೆದು ಅವರ ಮನೆಗೆ ನಡೆದೆ. ಓಣಿಯ ತಿರುವಿನಲ್ಲೇ ಜನ ನಿಂತಿದ್ದರು. ಹೃದಯ ನಿಂತಿದೆ, ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಒಳಗೆ ಮೇಜಿನ ಮೇಲೆ ಕ್ಯಾಮೆರಾದ ಬ್ಯಾಟರಿ ಚಾರ್ಜಿಗಿತ್ತು. ಮರುದಿನ ಭಾನುವಾರ.

ಸಾಗರದ ಕಡೆಯಿಂದ ಅವರ ಅಕ್ಕನ ಮಗ ಬಂದು ಎಲ್ಲ ಕಾರ್ಯ ವಹಿಸಿಕೊಂಡ. ಒಳ್ಳೆಯ ಮನುಷ್ಯ. ಹದಿಮೂರನೇ ದಿನಕ್ಕೆ ಹಾರ ಹಾಕಿ ಇಡಲು ಒಂದು ಫೋಟೊ ಬೇಕೆಂದು ನನ್ನ ಅಂಗಡಿಗೆ ಬಂದ. ಮನೆಯೆಲ್ಲ ಹುಡುಕಿದೆ, ಮಾವನದ್ದು ಒಂದೂ ಇಲ್ಲ, ಬರೀ ಕೊಡೆ ಕುಕ್ಕರು ಎಂದ. ಆಧಾರ್ ಕಾರ್ಡು ತಂದಿದ್ದ. ಅದರಲ್ಲಿದ್ದದ್ದು ಯಾರು ಬೇಕಾದರೂ ಆಗಬಹುದಾದ ಒಂದು ಕಪ್ಪು ಮಸಿ. ದೊಡ್ಡದು ಮಾಡಿದರೆ ಮೂಗೇ ಇರುವುದಿಲ್ಲ. ಈ ಮೂರು ತಾಲೂಕಿನಲ್ಲಿ ಎಷ್ಟು ಮನೆಯವರ ಪಕ್ಕ ಓಡಿ ಬಂದು ನಿಂತವರು, ಒಂದು ಮನೆಯಲ್ಲಾದರೂ ಇರಬೇಕಲ್ಲ ಎಂದು ಅವನಿಗೆ ಅನ್ನಿಸಿತ್ತು. ಇರುವುದು ಒಂದೇ ಮನೆಯಲ್ಲಿ ಎಂದು ನನಗೆ ಗೊತ್ತಿತ್ತು.

ಮನೆಗೆ ಹೋಗಿ ಫ್ರೇಮು ಇಳಿಸಿದೆ. ಗೋಡೆಯಲ್ಲಿ ಅದರ ಅಳತೆಯ ತಿಳಿ ಬಣ್ಣದ ಚೌಕ ಉಳಿಯಿತು. ಸಂಜೆಯೊಳಗೆ ತಂದು ಹಾಕಿ ಎಂದು ಹೆಂಡತಿ ಹೇಳಿದಳು. ಅಂಗಡಿಯಲ್ಲಿ ಗಾಜು ಬಿಚ್ಚಿ ಸ್ಕ್ಯಾನ್ ಮಾಡಿದೆ. ಇಷ್ಟು ವರ್ಷ ಮೂವರನ್ನು ಉಳಿಸಿ ಅವರನ್ನು ತೆಗೆದ ಕೈ, ಈಗ ನಮ್ಮ ಮೂವರನ್ನು ತೆಗೆದು ಅವರನ್ನು ಉಳಿಸಬೇಕಿತ್ತು. ಮೊದಲು ನಾನು ಹೋದೆ. ಆಮೇಲೆ ಹೆಂಡತಿ. ಆಮೇಲೆ ಮಗಳ ಮುಖ, ಜಡೆ, ಫ್ರಾಕು. ಪರದೆಯ ತುಂಬ ಅವರು ಒಬ್ಬರೇ ನಿಂತರು, ಹಾರಿದ ಕೂದಲು, ತೆರೆದ ಬಾಯಿ. ತೋಳಿನ ಮೇಲೆ ಮಂಡಕ್ಕಿ ಪುಡಿ ಮೆತ್ತಿದ ಪುಟ್ಟ ಬೆರಳುಗಳು ಹಾಗೇ ಇದ್ದವು. ನನಗೆ ಅಳು ಬಂತು. ಅಕ್ಕನ ಮಗನೆದುರು ಮರೆಮಾಚಲೂ ಹೋಗಲಿಲ್ಲ.

ಅವನು ಪರದೆಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ. "ಈ ಕೈ ಯಾರದು? ತೆಗೀಬಹುದಲ್ದಾ? ಬದುಕಿರೋ ಮಗುವಿನ ಕೈ, ಅದರ ಮೇಲೆ ಹಾರ ಬರ್ತದೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಬದುಕಿರುವವರ ಚಿತ್ರಕ್ಕೆ ಯಾರೂ ಹಾರ ಹಾಕುವುದಿಲ್ಲ, ಅದೂ ನಮ್ಮ ಮಗಳದ್ದು. ಅಳಿಸುವುದು ದೊಡ್ಡ ಕೆಲಸವೂ ಅಲ್ಲ. ಮದುಮಕ್ಕಳ ಮೊಡವೆ, ಹಿಂದಿನ ಗೋಡೆಯ ಕ್ಯಾಲೆಂಡರು, ಬೇಡವಾದ ಭಾವಮೈದುನ, ಎಲ್ಲವನ್ನೂ ನಾನು ದಿನಾ ಅಳಿಸುತ್ತೇನೆ. ಹೆಂಡತಿಗೆ ಫೋನು ಮಾಡಿ ವಿಷಯ ಹೇಳಿದೆ. ಮೂರು ಜನ ಎಂದರೆ ಬೆಚ್ಚಿಬೀಳುವವಳು, ಖಂಡಿತ ಅಳಿಸಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆನ್ನಲಿಲ್ಲ. ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿರುವ ಮಗಳನ್ನು ಒಂದು ಮಾತು ಕೇಳುತ್ತೇನೆ ಎಂದು ಇಟ್ಟಳು. ಸ್ವಲ್ಪ ಹೊತ್ತಿಗೆ ಹೆಂಡತಿಯೇ ತಿರುಗಿ ಫೋನು ಮಾಡಿದಳು.

"ಬಿಡೋದಿಲ್ಲ ಅಂತೆ" ಎಂದಳು. "ನಾನೇ ಹಿಡ್ಕೊಂಡಿದ್ದು, ಹಾಗೇ ಇರ್ಲಿ ಅಂದ್ಲು. ನನಗೂ ಹಾಗೇ ಕಾಣ್ತದೆ."

ಅಕ್ಕನ ಮಗನಿಗೆ, ಆ ಕೈ ಇರುತ್ತದೆ ಎಂದೆ. ಅವನು ನನ್ನ ಮುಖ ನೋಡಿ ಆಗಲಿ ಎಂದ.

ಹದಿಮೂರನೇ ದಿನ ನಾವಿಬ್ಬರೂ ಹೋದೆವು. ಮಗಳೂ ಬೆಳಗಿನ ಬಸ್ಸಿಗೆ ಬಂದಿದ್ದಳು. ಫೋಟೊಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಅವರ ಊರಿನ ಕಡೆಯ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತಿರುಗಿ, ಯಾರನ್ನೆಂದಿಲ್ಲದೆ, "ಇವನಿಗೆ ಮಕ್ಕಳಿದ್ವಾ?" ಎಂದು ಕೇಳಿದರು.

ನನ್ನ ಪಕ್ಕದಲ್ಲಿದ್ದ ಮಗಳು ಎದ್ದು ಹೋಗಿ, ಚೌಕಟ್ಟನ್ನು ಒಂದು ಕೂದಲಿನಷ್ಟು ಸರಿಸಿ, ನೆಟ್ಟಗೆ ಮಾಡಿ ಬಂದು ಕೂತಳು.

ಸಂಜೆ ಮನೆಗೆ ಬಂದು ದೀಪ ಹಾಕಿದೆ. ಗೋಡೆಯ ಮೇಲೆ ನಾವು ನಾಲ್ವರೂ ಇದ್ದೆವು.